ಬಿಳಿ ಹುಬ್ಬಿನ ಟಿಟ್ಟಿಭಗಳು

ಗಾನಿಮನನ್ನು ಮೊದಲ ಸಲ ಕಂಡಾಗಲೇ ಬಾಯಿಗೆ ಬಂದ ಹಾಗೆ ಬೈದಿದ್ದೆ. ದುರ್ಬೀನು ಕಣ್ಣಿಗೆ ಒತ್ತಿಕೊಂಡು ನನ್ನ ಮೇವಿನ ಹುಲ್ಲಿನ ನಟ್ಟನಡುವೆ ನಿಂತಿದ್ದ. ಬೇಲಿಯ ಗೇಟು ಹಾರುಹೊಡೆದಿತ್ತು. ಅವನ ಹಿಂದೆಯೇ ಯಾರದೋ ಒಂಟೆಗಳು ಒಳಗೆ ನುಗ್ಗಿ, ಮದುವೆ ಊಟಕ್ಕೆ ಕೂತವರ ಹಾಗೆ ಹುಲ್ಲು ಮೇಯುತ್ತಿದ್ದವು.

"ಯಾವನೋ ನೀನು? ಇದೇನು ನಿಮ್ಮಪ್ಪನ ಹೊಲವಾ?" ಅಂತ ಟ್ರ್ಯಾಕ್ಟರ್ ಮೇಲಿಂದಲೇ ಕೂಗಿದೆ.

ಬೆಚ್ಚಿಬಿದ್ದ. "ತಪ್ಪಾಯ್ತು ಅಕ್ಕ, ಹಕ್ಕಿ ನೋಡ್ತಾ ಇದ್ದೆ," ಅಂದ.

"ಹಕ್ಕಿ ಕಾಣುತ್ತೆ, ಒಂಟೆ ಕಾಣಲ್ವಾ?"

ಮಸ್ಕತ್ತಿನ ಆ ಮನುಷ್ಯ ಮಧ್ಯಾಹ್ನವಿಡೀ ಚಪ್ಪಲಿ ಕೈಯಲ್ಲಿ ಹಿಡಿದು ಒಂಟೆಗಳ ಹಿಂದೆ ಓಡಿದ. ಕೊನೆಗೆ ನನಗೇ ಅಯ್ಯೋ ಅನ್ನಿಸಿ ಕರೆದು ಅನ್ನ, ಒಣಗಿಸಿದ ಶಾರ್ಕಿನ ಸಾರು ಬಡಿಸಿದೆ. ಊಟ ಮಾಡಿ ದುರ್ಬೀನನ್ನು ನನ್ನ ಕೈಗೆ ಕೊಟ್ಟ. ನಾನು ಆ ಹಕ್ಕಿಗಳನ್ನು ಸರಿಯಾಗಿ ನೋಡಿದ್ದು ಆವತ್ತೇ.

ಚಳಿಗಾಲದಲ್ಲಿ ಅವು ಬರುವುದು ನನಗೆ ಗೊತ್ತಿತ್ತು. ಹುಲ್ಲು ಕೊಯ್ಯುವಾಗ ಟ್ರ್ಯಾಕ್ಟರಿನ ಹಿಂದೆ ಹುಳ ಹೆಕ್ಕುತ್ತ ಉದ್ದ ಕಾಲು ಹಾಕಿಕೊಂಡು ಓಡಾಡುತ್ತಿದ್ದವು. ಆದರೆ ಕಣ್ಣಿನ ಮೇಲೆ ಅಷ್ಟು ಚೆಂದದ ಬಿಳಿ ಹುಬ್ಬು ಇರುವುದು ತಿಳಿದಿರಲಿಲ್ಲ. ಯಾರೋ ಸುಣ್ಣದಲ್ಲಿ ಬೆರಳದ್ದಿ ತೀಡಿದ ಹಾಗೆ. ಉತ್ತರದ ದೊಡ್ಡ ಹುಲ್ಲುಗಾವಲುಗಳಲ್ಲಿ ಮೊಟ್ಟೆ ಇಟ್ಟು, ಇಷ್ಟು ದೂರ ಹಾರಿ ಬರುತ್ತವೆ ಅಂದ. ಲೋಕದಲ್ಲೇ ಅವು ತೀರ ಕಡಿಮೆ ಉಳಿದಿವೆ ಅಂತಲೂ ಅಂದ. ರುಬ್ ಅಲ್ ಖಾಲಿ ಮರುಭೂಮಿಯ ಅಂಚಿನಲ್ಲಿ, ನನ್ನ ಗಂಡ ಸಾಯುವ ಮುಂಚೆ ಕೊರೆಸಿದ ಬಾವಿಯ ನೀರಿಂದ ಹಸಿರಾದ ಈ ತುಂಡು ನೆಲ ಅವಕ್ಕೆ ಹೇಗೆ ಸಿಕ್ಕಿತೋ ದೇವರಿಗೇ ಗೊತ್ತು.

ಆಮೇಲಿಂದ ಗಾನಿಮ್ ಪ್ರತಿ ಚಳಿಗಾಲ ಬಂದ. ಬರಲಿ ಬಿಡು ಅಂದುಕೊಂಡೆ. ಒಂದೇ ಷರತ್ತು ಹಾಕಿದ್ದೆ. "ಈ ಜಾಗ ಯಾರಿಗೂ ಹೇಳಕೂಡದು. ನಿನ್ನ ಹೆಂಡತಿಗೂ ಸಹ."

"ನನ್ನ ತಾಯಾಣೆ ಅಕ್ಕ," ಅಂದಿದ್ದ.

ನನಗೂ ಚಟ ಹತ್ತಿತು. ಟ್ರ್ಯಾಕ್ಟರ್ ಮೇಲೆ ಕೂತರೆ ಅವು ಹೆದರುವುದಿಲ್ಲ. ಕೊಯ್ಯುವುದನ್ನು ನಿಧಾನ ಮಾಡಿ ನೋಡುತ್ತಿದ್ದೆ. ನಮ್ಮತ್ತೆ ತುಮ್ನಾ ಅಂಗಳದಲ್ಲಿ ಕೂತು ಆಡಿಕೊಳ್ಳುತ್ತಿದ್ದರು. "ತಫೂಲ್, ಮೇವು ಕೊಯ್ತಿದ್ದೀಯೋ ಇಲ್ಲಾ ಆ ಹಕ್ಕಿಗಳಿಗೆ ಗಂಡು ಹುಡುಕ್ತಿದ್ದೀಯೋ?"

ಕಳೆದ ಚಳಿಗಾಲದ ಒಂದು ಶುಕ್ರವಾರ. ಹೊಲದ ಪಡುವಣ ಭಾಗದಲ್ಲಿ ಹಿಂದಿನ ದಿನವಷ್ಟೇ ಹುಲ್ಲು ಕೊಯ್ದಿದ್ದೆ, ಹಕ್ಕಿಗಳೆಲ್ಲ ಅಲ್ಲೇ ಇದ್ದವು. ಮೂಡಣ ಭಾಗಕ್ಕೆ ಬೆಳಗ್ಗೆಯಿಂದ ಪಿವಟ್ ತಿರುಗಿ ನೀರುಣಿಸಿತ್ತು. ಚಕ್ರದ ಮೇಲೆ ನಿಂತ ಆ ಉದ್ದ ಕೊಳವೆ ಹಾದುಹೋದ ಕಡೆ ನೆಲ ಹಿಟ್ಟು ನಾದಿದ ಹಾಗೆ ಮೆತ್ತಗಾಗುತ್ತದೆ. ಜುಮ್ಮಾ ನಮಾಜು ಮುಗಿದ ಹೊತ್ತಿಗೆ ಧೂಳೆಬ್ಬಿಸಿಕೊಂಡು ಮೂರು ಗಾಡಿಗಳು ಬಂದವು. ಮುಂದಿನದು ಮಹಾದ್‌ನದು. ನನ್ನ ಗಂಡನ ಅಣ್ಣ, ಸಲಾಲಾದಲ್ಲಿ ಅಂಗಡಿ ಇಟ್ಟುಕೊಂಡಿರುವವನು. ಕಾಫಿ ಇಡೋಣ ಅಂತ ಒಳಗೆ ಹೋದೆ.

ಗಾಡಿಗಳು ಮನೆ ಹತ್ತಿರ ನಿಲ್ಲಲೇ ಇಲ್ಲ. ಸೀದಾ ಹೊಲಕ್ಕೆ ಇಳಿದವು. ಕಾಫಿಗೆ ಏಲಕ್ಕಿ ಜಜ್ಜುತ್ತಿದ್ದಾಗ ಮೊದಲ ಗುಂಡಿನ ಸದ್ದು ಕೇಳಿತು. ಆಮೇಲೆ ಒಂದರ ಮೇಲೊಂದು.

ಹೊರಗೆ ಓಡಿ ಬಂದೆ. ಟಿಟ್ಟಿಭಗಳು ಕೂಗುತ್ತ ಎದ್ದು, ತಿರುಗಿ ಅದೇ ಜಾಗಕ್ಕೆ ಇಳಿಯುತ್ತಿದ್ದವು. ಮನುಷ್ಯರು ಹತ್ತಿರ ಬಂದರೆ ಏನಾಗುತ್ತದೆ ಅಂತ ಅವಕ್ಕೆ ನನ್ನ ಹೊಲದಲ್ಲಿ ಯಾರೂ ಕಲಿಸಿರಲಿಲ್ಲ. ಗಾಡಿಯ ಕಿಟಕಿಯಿಂದಲೇ ಹೊಡೆಯುತ್ತಿದ್ದರು. ಹುಲ್ಲಿನ ಬುಡ ಕಿತ್ತು ಬರುವ ಹಾಗೆ ಗಾಡಿ ತಿರುಗಿಸುತ್ತಿದ್ದರು. ಒಬ್ಬ ನಗುತ್ತಿದ್ದ.

"ಭಾವ! ನಿಲ್ಸಿ! ನಿಲ್ಸಿ ಅಂದೆ!"

ಮಹಾದ್ ಕಿಟಕಿಯಿಂದ ಕೈ ಬೀಸಿದ. "ಒಳಗೆ ಹೋಗು ತಫೂಲ್. ಅತಿಥಿಗಳು ಬಂದಿದ್ದಾರೆ, ಅಡುಗೆ ನೋಡು."

ಅಡುಗೆ ನೋಡು! ನನ್ನ ನೀರು, ನನ್ನ ಹುಲ್ಲು, ನನ್ನ ನೆಲ. ಬೇಡಿಕೊಳ್ಳುವುದಕ್ಕೆ ಇನ್ನೊಂದು ಮಾತೂ ಆಡಲಿಲ್ಲ. ಟ್ರ್ಯಾಕ್ಟರ್ ಹತ್ತಿ, ಅವರು ಒಳಗೆ ಬಂದ ದಾರಿಗೆ ಅಡ್ಡ ನಿಲ್ಲಿಸಿ, ಬೀಗದ ಕೈ ಕಿತ್ತು ಕುಪ್ಪಸದೊಳಗೆ ಹಾಕಿಕೊಂಡೆ. ಅಲ್ಲೇ ನಿಂತು ಪರಿಸರ ಕಾವಲಿನವರಿಗೆ ಫೋನ್ ಮಾಡಿದೆ. ಮಹಾದ್‌ಗೆ ಕೇಳಿಸಲಿ ಅಂತಲೇ ಗಟ್ಟಿಯಾಗಿ ಮಾತಾಡಿದೆ.

ಆಗ ಅವರಿಗೆ ಗಾಬರಿಯಾಯಿತು. ನನ್ನ ದಾರಿ ಬಿಟ್ಟು ಮೂಡಣದ ಕಡೆಯಿಂದ ಹೊರಗೆ ಹೋಗೋಣ ಅಂತ ಗಾಡಿ ಓಡಿಸಿದರು. ಮೊದಲ ಗಾಡಿ ಹಸಿ ನೆಲಕ್ಕೆ ಇಳಿದದ್ದೇ ಮೂತಿ ಕೆಳಗೆ ಮಾಡಿ ಕೂತುಬಿಟ್ಟಿತು. ಅದನ್ನು ತಪ್ಪಿಸಲು ಹೋದ ಎರಡನೆಯದು ಅಚ್ಚಿನವರೆಗೂ ಹೂತಿತು. ಮೂರನೆಯವನು ಅಷ್ಟಾದರೂ ಬುದ್ಧಿಯುಳ್ಳವನು, ನಿಲ್ಲಿಸಿದ.

ಮಹಾದ್ ಮೊಣಕಾಲುದ್ದ ಕೆಸರು ತುಳಿಯುತ್ತ ಬಂದ. "ಬೀಗದ ಕೈ ಕೊಡು. ಎಳೆದು ಹಾಕು ಗಾಡೀನ."

"ಕೊಡಲ್ಲ."

"ಅತಿಥಿಗಳ ಮುಂದೆ ನನ್ನ ಮರ್ಯಾದೆ ತೆಗೀತಿದ್ದೀಯ!"

"ನಿಮ್ಮ ಮರ್ಯಾದೆ ನೀವೇ ಬಂದೂಕಿಗೆ ತುಂಬಿ ಹಾರಿಸಿಬಿಟ್ರಲ್ಲ ಭಾವ, ನಾನು ತೆಗೆಯೋಕೆ ಏನು ಉಳಿದಿದೆ?"

ನಗುತ್ತಿದ್ದ ಅತಿಥಿ ಮುಂದೆ ಬಂದ. ಅಚ್ಚ ಬಿಳಿ ಅಂಗಿ ತೊಟ್ಟಿದ್ದ ಕಿರಿಯ ಪ್ರಾಯದವನು. "ಏನಮ್ಮಾ ಇಷ್ಟೊಂದು ಸಿಟ್ಟು? ಹಕ್ಕಿ ತಾನೇ. ಮುಚ್ಚಿಟ್ಟ ಜಾಗವೇನಲ್ಲ, ಇದನ್ನ ನೋಡಿಯೇ ಬಂದದ್ದು," ಅಂತ ಫೋನ್ ಹಿಡಿದ.

ಅದರಲ್ಲಿ ನನ್ನ ಹೊಲವಿತ್ತು. ಹುಲ್ಲಿನ ನಡುವೆ ಬಿಳಿ ಹುಬ್ಬಿನ ಹಿಂಡು, ಅದರ ಹಿಂದೆ ನನ್ನ ಗಂಡನ ಹೆಸರು ಬರೆದ ನೀಲಿ ನೀರಿನ ತೊಟ್ಟಿ. ಅಕ್ಷರಗಳು ಎಷ್ಟು ಸ್ಪಷ್ಟವಾಗಿದ್ದವೆಂದರೆ ಕುರುಡನಿಗೂ ದಾರಿ ಸಿಗಬೇಕು. ಕೆಳಗೆ ಗಾನಿಮನ ಹೆಸರು. ಜನ ಹೃದಯ, ಹೂವಿನ ಚಿತ್ರ ಹಾಕಿ ಹೊಗಳಿದ್ದರು.

ಕಾವಲಿನವರು ಬರುವವರೆಗೆ ನಾನು ಟ್ರ್ಯಾಕ್ಟರಿಂದ ಇಳಿಯಲಿಲ್ಲ. ಅವರು ಬಂದೂಕು ಕಿತ್ತುಕೊಂಡರು, ಹೆಸರು ಬರೆದುಕೊಂಡರು, ಸತ್ತ ಹಕ್ಕಿಗಳನ್ನು ಹುಲ್ಲಿನ ಮೇಲೆ ಸಾಲಾಗಿ ಮಲಗಿಸಿದರು. ಒಂದರ ಕೊಕ್ಕಿನಲ್ಲಿ ಇನ್ನೂ ಹುಳ ಇತ್ತು. ಆಮೇಲೆ ನಾನೇ ಗಾಡಿಗಳನ್ನು ಎಳೆದು ಹಾಕಿದೆ. ನನ್ನ ಹೊಲದಲ್ಲಿ ಅವು ಒಂದು ಗಳಿಗೆಯೂ ಹೆಚ್ಚಿಗೆ ಇರುವುದು ಬೇಕಿರಲಿಲ್ಲ.

ಕೆಲವು ದಿನಕ್ಕೆ ಮನೆತನದ ಹಿರಿಯರು ನಮ್ಮ ಮಜ್ಲಿಸಿನಲ್ಲಿ, ಅತಿಥಿಗಳು ಕೂರುವ ಕೋಣೆಯಲ್ಲಿ, ಬಂದು ಕೂತರು. ಮಹಾದ್‌ನೂ ಇದ್ದ. ಹೆಂಗಸು ಮನೆಗೆ ಬಂದ ಅತಿಥಿಗಳನ್ನು ಹಿಡಿದುಕೊಟ್ಟಳು ಅಂತ ಊರೆಲ್ಲ ಮಾತಾಗಿದೆಯಂತೆ. ನಾನು ಒಂದು ಮೇಕೆ ಕೊಯ್ದು, ಆ ಜನರನ್ನು ಕರೆದು ಊಟ ಹಾಕಿದರೆ ಮಾತು ಅಲ್ಲಿಗೆ ಮುಗಿಯುತ್ತದಂತೆ.

"ಕೊಯ್ಯಲ್ಲ," ಅಂದೆ. ಸಿಟ್ಟಿಗೆ ಧ್ವನಿ ನಡುಗಿತು. ಅವರು ಅದನ್ನು ಹೆದರಿಕೆ ಅಂದುಕೊಂಡರು. ಒಬ್ಬ ಹಿರಿಯರು ಮೆಲ್ಲಗೆ, "ಹಟ ಒಳ್ಳೇದಲ್ಲ ಮಗಳೇ," ಅಂದರು.

ಪರದೆಯ ಆಚೆಯಿಂದ ನಮ್ಮತ್ತೆ ಕೆಮ್ಮಿದರು. ಕೋಲೂರಿಕೊಂಡು ಒಳಗೆ ಬಂದು ಗಂಡಸರ ನಡುವೆಯೇ ಕೂತರು. ಕಣ್ಣು ಮಂಜಾಗಿದ್ದರೂ ಮಗ ಎಲ್ಲಿ ಕೂತಿದ್ದಾನೆ ಅಂತ ಸರಿಯಾಗಿ ತಿಳಿದಿತ್ತು.

"ಮಹಾದ್, ನಿನ್ನ ಅತಿಥಿಗಳು ಆವತ್ತು ಈ ಮನೇಲಿ ಕಾಫಿ ಕುಡಿದ್ರಾ?"

"ಇಲ್ಲಮ್ಮ, ಹೊತ್ತಾಗಿತ್ತು..."

"ಖರ್ಜೂರ ತಿಂದ್ರಾ?"

"ಇಲ್ಲ."

"ಬಾಗಿಲಲ್ಲೇ ಕೂತಿದ್ದೆನಲ್ಲ, ನನಗೆ ಸಲಾಂ ಹೇಳಿದ್ರಾ?"

ಮಹಾದ್ ಖಾಲಿ ಬಟ್ಟಲನ್ನೇ ಮತ್ತೆ ಬಾಯಿಗಿಟ್ಟುಕೊಂಡ.

"ಮುದುಕಿಗೆ ಸಲಾಂ ಹೇಳದೆ, ಒಂದು ಬಟ್ಟಲು ಕಾಫಿ ಕುಡೀದೆ, ಬೆಳೆ ತುಳಿದು ಬಂದೂಕು ಹಾರಿಸಿದವರನ್ನ ನಮ್ಮಪ್ಪ ಇದ್ದಾಗ ಅತಿಥಿ ಅಂತಿರಲಿಲ್ಲ ಕಣೋ. ಕಳ್ಳರು ಅಂತಿದ್ರು. ಅವರನ್ನ ಕರ್ಕೊಂಡು ಬಂದವನು ನೀನು. ಮೇಕೆ ಕೊಡೋದಿದ್ರೆ ನೀನು ಕೊಡು, ಇವಳ ಹುಲ್ಲು ತುಳಿಸಿದ್ದಕ್ಕೆ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಾಫಿ ಬಟ್ಟಲು ಕೆಳಗಿಟ್ಟರು. ಮಾತು ಅಷ್ಟಕ್ಕೇ ನಿಂತಿತು. ಅವರೆಲ್ಲ ಹೋದ ಮೇಲೆ ನಾನು ಅತ್ತೆಯ ಕೈ ಹಿಡಿದುಕೊಂಡೆ. ಕೊಸರಿಕೊಂಡರು. "ನಿನ್ನ ಹಕ್ಕಿಗೋಸ್ಕರ ಅಲ್ಲ ನಾನು ಹೇಳಿದ್ದು. ನನಗೆ ಸಲಾಂ ಹೇಳಲಿಲ್ಲ ಅವು," ಅಂದರು.

ಮಾರನೆಯ ವಾರ ಮಹಾದ್ ಒಂದು ಮೇಕೆ ತಂದು ಬೇಲಿಗೆ ಕಟ್ಟಿ, ಗಾಡಿಯಿಂದ ಪೂರ್ತಿ ಇಳಿಯದೆಯೇ ಹೊರಟುಹೋದ. ಇವತ್ತಿನವರೆಗೂ ನನ್ನ ಜೊತೆ ಮಾತಿಲ್ಲ. ಬೇಡ.

ಗಾನಿಮ್ ಬಂದದ್ದು ಇದೆಲ್ಲ ಆದ ಮೇಲೆ. ಮುಖ ಬಾಡಿತ್ತು. ಕಾಫಿ ಕೊಟ್ಟೆ, ಖರ್ಜೂರ ಇಟ್ಟೆ. ಎದುರು ಕೂರಲಿಲ್ಲ.

"ಅಕ್ಕ, ಅಷ್ಟು ದೊಡ್ಡ ಹಿಂಡನ್ನ ಈ ದೇಶದಲ್ಲಿ ಯಾರೂ ಕಂಡಿರಲಿಲ್ಲ. ಖುಷಿ ತಡೆಯೋಕಾಗಲಿಲ್ಲ. ತೊಟ್ಟಿ ಕಾಣೋದು ಗಮನಿಸಲೇ ಇಲ್ಲ. ಗೊತ್ತಾದ ಕೂಡಲೇ ಫೋಟೋ ತೆಗೆದುಹಾಕಿದೆ."

"ಮಹಾದ್‌ಗೆ ಆ ಹಕ್ಕಿ ಯಾವುದು ಅಂತಲೇ ಗೊತ್ತಿರಲಿಲ್ಲ," ಅಂದೆ. "ನಿನಗೆ ಗೊತ್ತಿತ್ತು. ಎಷ್ಟು ಕಡಿಮೆ ಉಳಿದಿವೆ ಅಂತ ನನಗೆ ಹೇಳಿದವನೇ ನೀನು. ತಾಯಾಣೆ ಇಟ್ಟವನೂ ನೀನೇ. ಅವನ ಮೇಲಿನ ಸಿಟ್ಟು ಯಾವತ್ತಾದರೂ ಇಳಿದೀತು. ನಿನ್ನ ಮೇಲಿನದು ಇಳಿಯಲ್ಲ."

ಅವನು ಅತ್ತ. ಕೊರಳಿನ ದುರ್ಬೀನು ತೆಗೆದು, "ಇದನ್ನಾದರೂ ನೀವು ಇಟ್ಕೊಳ್ಳಿ," ಅಂತ ಜಮಖಾನದ ಮೇಲಿಟ್ಟ. ಎತ್ತಿ ಅವನ ಕೈಗೇ ಕೊಟ್ಟೆ. "ಕಾಫಿ ಮುಗಿಸಿ ಹೊರಡು," ಅಂದೆ.

ಆ ಚಳಿಗಾಲ ಹಕ್ಕಿಗಳು ತಿರುಗಿ ಇಳಿಯಲಿಲ್ಲ. ಹುಲ್ಲು ಚಿಗುರಿತು, ಕೊಯ್ದೆ, ಒಂಟೆಯವರಿಗೆ ಮಾರಿದೆ. ಟ್ರ್ಯಾಕ್ಟರಿನ ಹಿಂದೆ ಬರೀ ಧೂಳು. ಆದರೂ ಕೊಯ್ಯುವಾಗ ತಿರುಗಿ ನೋಡುತ್ತಲೇ ಇದ್ದೆ.

ಈ ವರ್ಷ ಚಳಿ ಶುರುವಾದ ಮೇಲೆ ಒಂದು ಬೆಳಗ್ಗೆ ಹುಲ್ಲು ಕೊಯ್ಯುತ್ತಿದ್ದಾಗ ಬಿಳಿ ಹುಬ್ಬು ಕಂಡಿತು. ಟ್ರ್ಯಾಕ್ಟರ್ ನಿಧಾನ ಮಾಡಿದೆ. ಗಾನಿಮ್ ಸಂದೇಶದ ಮೇಲೆ ಸಂದೇಶ ಕಳಿಸುತ್ತಿದ್ದಾನೆ, ಬಂದವಾ, ಎಷ್ಟು ಬಂದವು ಅಂತ. ಉತ್ತರ ಕೊಟ್ಟಿಲ್ಲ. ಎಷ್ಟು ಬಂದವು ಅಂತ ಅತ್ತೆಗೂ ಹೇಳಿಲ್ಲ. ನಿಮಗೂ ಹೇಳುವುದಿಲ್ಲ.