ಸಾಬಣ್ಣನ ಗಿಟಾರಿನ ಬಾಗಿಲು

ಶಿವಯೋಗೆಪ್ಪನವರ ನಾಟಕ ಕಂಪನಿಯಲ್ಲಿ ಖಳನಾಯಕನಿಗಿಂತ ಮೊದಲು ಅವನ ಸದ್ದು ರಂಗಕ್ಕೆ ಬರುತ್ತಿತ್ತು. ಹಿಂದೆಲ್ಲ ಆ ಕೆಲಸ ಕ್ಲಾರಿಯೋನೆಟ್ಟಿನದು. ಅದರ ಬೆನ್ನಿಗೆ ಬರುವ ಖಳನಾಯಕ ಎಷ್ಟೇ ಮೀಸೆ ತಿರುವಿದರೂ ಲಗ್ನಕ್ಕೆ ಬಂದ ಬೀಗರ ಹಾಗೆ ಕಾಣುತ್ತಿದ್ದ. ತೊರವಿಯ ಸಾಬಣ್ಣ ಎಲೆಕ್ಟ್ರಿಕ್ ಗಿಟಾರು ಹಿಡಿದುಕೊಂಡು ಕಂಪನಿ ಸೇರಿದ ಮೇಲೆಯೇ ಆ ಪಾತ್ರಕ್ಕೆ ನಿಜವಾದ ಕೆಡುಕು ಬಂದದ್ದು.

ಸಾಬಣ್ಣ ಗಿಟಾರಿಗೆ ಒಂದರ ಹಿಂದೆ ಒಂದು ಎರಡು ಕರೆಂಟಿನ ಪೆಟ್ಟಿಗೆ ಜೋಡಿಸಿ ಸ್ವರವನ್ನು ಹಿಗ್ಗಿಸುತ್ತಿದ್ದ. ಅಲ್ಲಿಂದ ಅದು ದೊಡ್ಡ ಆಂಪ್ಲಿಫೈಯರಿಗೆ ಹೋಗುವಷ್ಟರಲ್ಲಿ ಹರಿದು, ಒರಟಾಗಿ, ಕಾಡುಹಂದಿಯ ಗುಟುರಿನಂತೆ ಆಗಿರುತ್ತಿತ್ತು. ಮುಂದೆ ನೆಲದ ಮೇಲೆ ಕೂತ ಹುಡುಗರು ಸೀಟಿ ಹೊಡೆಯುತ್ತಿದ್ದರು. ಅದು ಎಪ್ಪತ್ತೇಳನೇ ಇಸವಿ. ಎಲೆಕ್ಷನ್ ಮುಗಿದು ಜಿಲ್ಲೆಯ ಮೈಕುಗಳಿಗೆಲ್ಲ ಬಿಡುವಾಗಿತ್ತು, ಜನರಿಗೂ ಭಾಷಣವಲ್ಲದ್ದು ಏನಾದರೂ ಕೇಳಬೇಕಾಗಿತ್ತು.

ತೊಂದರೆ ಇದ್ದದ್ದು ಸಾಬಣ್ಣ ಬಾರಿಸದೆ ಇರುವಾಗ. ಹಿಗ್ಗಿಸುವ ಪೆಟ್ಟಿಗೆಗೆ ಸ್ವರ ಯಾವುದು, ಕಸ ಯಾವುದು ಎಂಬ ಭೇದ ಇರುವುದಿಲ್ಲ. ತಂತಿಯ ಮೇಲಿಂದ ಕೈ ತೆಗೆದರೆ ಅದು ತಂತಿಯ ಸುತ್ತಲಿನ ಗುಂಯ್‌ಗುಟ್ಟುವಿಕೆಯನ್ನು, ತನ್ನ ಹೊಟ್ಟೆಯೊಳಗಿನ ಸುಸ್ ಎಂಬ ಸದ್ದನ್ನು ಅಷ್ಟೇ ಶ್ರದ್ಧೆಯಿಂದ ಹಿಗ್ಗಿಸುತ್ತಿತ್ತು. ಅದನ್ನು ರಂಗದ ಮೇಲೆ ತೂಗುಬಿಟ್ಟ ಮೈಕುಗಳು ಹಿಡಿದುಕೊಂಡು, ತಂಬುವಿನ ನಾಲ್ಕೂ ಮೂಲೆಯ ಹಾರ್ನುಗಳಿಗೆ ತಲುಪಿಸುತ್ತಿದ್ದವು.

ಇದು ರುಕ್ಮವ್ವನ ಪಾಲಿಗೆ ವೈರಿಯಾಯಿತು. ರುಕ್ಮವ್ವ ಕಂಪನಿಯ ಹಿರಿಯ ನಟಿ. ಮೂರನೆಯ ಅಂಕದಲ್ಲಿ, ವರ್ಷಗಟ್ಟಲೆ ಕಾಣೆಯಾಗಿದ್ದ ಮಗ ಬಾಗಿಲಿಗೆ ಬಂದು ನಿಲ್ಲುತ್ತಾನೆ. ತಾಯಿ ಅವನನ್ನು ಗುರುತಿಸಿದಳೋ ಇಲ್ಲವೋ ತಿಳಿಯುವುದಿಲ್ಲ. ಸಾಬಣ್ಣನ ಗಿಟಾರಿನ ಒಂದೇ ಸ್ವರ ಉದ್ದಕ್ಕೆ ಇಳಿದು ಸಣ್ಣಗಾಗುತ್ತದೆ. ಆಮೇಲೆ ಆಕೆ ಒಂದು ಮಾತು ಕೇಳಬೇಕು: ಉಂಡಿಯೇನ, ಯಪ್ಪಾ?

ಮಾತು ಹೇಳಿಕೊಡುವ ಪ್ರಾಂಪ್ಟರ್ ಆದ ನಾನು ಪಕ್ಕದ ಪರದೆಯ ಹಿಂದೆ ಕೂತು ಆ ಮಾತನ್ನು ಎಷ್ಟೋ ಊರುಗಳಲ್ಲಿ ಕೇಳಿದ್ದೇನೆ. ರುಕ್ಮವ್ವ ಅದನ್ನು ಯಾವತ್ತೂ ಕೂಗಿಯೇ ಕೇಳಿದ್ದಳು. ಗಿಟಾರು ಬರುವ ಮೊದಲು ಹಿಂದಿನ ಸಾಲಿಗೆ ಮುಟ್ಟಲಿ ಎಂದು ಕೂಗುತ್ತಿದ್ದಳು, ಗಿಟಾರು ಬಂದ ಮೇಲೆ ಗಿಟಾರಿನ ಗುಂಯ್‌ಗಿಂತ ಮೇಲೆ ಕೇಳಲಿ ಎಂದು. ಮನೆಗೆ ಬಂದ ಮಗನನ್ನು ಹೊಲದ ಆ ಬದುವಿನಿಂದ ಈ ಬದುವಿಗೆ ಕೂಗಿ ಕರೆದಂತೆ ಇರುತ್ತಿತ್ತು.

ಬಿಜಾಪುರದ ಕ್ಯಾಂಪಿನಲ್ಲಿ ಒಂದು ದಿನ ಆಟ ಮುಗಿದದ್ದೇ ಆಕೆ ಬಣ್ಣವನ್ನೂ ಒರೆಸಿಕೊಳ್ಳದೆ ಮಾಲಕರ ಮುಂದೆ ನಿಂತಳು. "ಮಾಲಕ್ರ, ಆ ಗುಂಗೀಹುಳ ಇರಬೇಕು ಇಲ್ಲಾ ನಾ ಇರಬೇಕು. ಒಂದ ಮನ್ಯಾಗ ಇಬ್ರು ತಾಯಿಂದ್ರು ಮಾತಾಡಾಕ ಬರಂಗಿಲ್ಲ."

ಶಿವಯೋಗೆಪ್ಪನವರಿಗೆ ಇಬ್ಬರೂ ಬೇಕು. ಆದರೆ ಆರಿಸಲೇಬೇಕಾದರೆ ಯಾರನ್ನು ಆರಿಸುತ್ತಾರೆಂಬುದು ಸಾಬಣ್ಣನಿಗೆ ಗೊತ್ತಿತ್ತು. ಅವನು ಕರೆಂಟ್ ಆಫೀಸಿನ ಮೀಟರ್ ಓದುವ ನೌಕರಿಯನ್ನು ಬಿಟ್ಟು ಬಂದವನು. ಆ ಕುರ್ಚಿಯಲ್ಲಿ ಆಗಲೇ ಬೇರೆಯವನು ಕೂತಿದ್ದ. ತೊರವಿಯಲ್ಲಿ ಅವನ ತಾಯಿ ಸಾವಂತ್ರವ್ವ, ಮಗ ಏನು ಮಾಡುತ್ತಾನೆಂದು ಯಾರಾದರೂ ಕೇಳಿದರೆ, ತಂತಿ ಎಳೆಯೋ ಕೆಲಸ ಎಂದಷ್ಟೇ ಹೇಳುತ್ತಿದ್ದಳು. ಕಂಬದ ಮೇಲಿನ ತಂತಿ ಎಂದು ಕೇಳಿದವರು ತಿಳಿದುಕೊಂಡರೆ ಆಕೆಯದೇನೂ ಅಡ್ಡಿಯಿರಲಿಲ್ಲ. ಗಿಟಾರಿಗೆ ಕಂಪನಿಯಲ್ಲಿ ಜಾಗ ತಪ್ಪಿದರೆ ಸಾಬಣ್ಣನಿಗೆ ಎಲ್ಲಿಯೂ ಜಾಗವಿಲ್ಲ.

ಅವನು ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುವ ಧೂಳಪ್ಪನ ಹತ್ತಿರ ಹೋದ. ಧೂಳಪ್ಪ ತನ್ನ ಜಾಣತನವನ್ನು ತಾನೇ ಮೊದಲು ಹೊಗಳಿ, ಉಳಿದದ್ದನ್ನು ಗಿರಾಕಿಗೆ ಬಿಡುವ ಮನುಷ್ಯ. "ಗೋಳಗುಮ್ಮಟದ ಊರಾಗ ಸದ್ದ ಮುಚ್ಚೂ ಪೆಟ್ಟಗಿ ಕೇಳಾಕ ಬಂದಿಯಲ್ಲಲೇ," ಎಂದು ನಕ್ಕ. ನಕ್ಕರೂ, ಅಂಥ ಪೆಟ್ಟಿಗೆ ಇದೆಯೆಂದು ಅವನಿಗೆ ತಿಳಿದಿತ್ತು. ಸೊಲ್ಲಾಪುರದ ಆರ್ಕೆಸ್ಟ್ರಾದವನೊಬ್ಬ ಮಾರಲು ಬಿಟ್ಟುಹೋದ ಹೊರದೇಶದ್ದೊಂದು ಅವನ ಕಪಾಟಿನಲ್ಲೇ ಇತ್ತು. ಅಂಗೈಯಷ್ಟು ಉಕ್ಕಿನ ಪೆಟ್ಟಿಗೆ, ಕಾಲಿನಿಂದ ಒತ್ತುವ ಗುಂಡಿ, ತಿರುವಲು ರೇಡಿಯೋದ್ದರಂಥ ಒಂದೇ ಕಿವಿ. ಅದನ್ನು ನೋಯ್ಸ್ ಗೇಟ್, ಅಂದರೆ ಸದ್ದಿನ ಬಾಗಿಲು, ಎನ್ನುತ್ತಾರೆಂದು ಧೂಳಪ್ಪ ಹೇಳಿದ. ಅದನ್ನು ಬಿಚ್ಚಿ ನೋಡಿದ್ದ ಕಾರಣ, ಅದಕ್ಕಿಂತ ಚೆನ್ನಾದದ್ದನ್ನು ತಾನೇ ಮಾಡಬಲ್ಲೆನೆಂದೂ ಹೇಳಿದ. ಮುಂದಿನ ವಾರ ತಗಡಿನ ಪೆಟ್ಟಿಗೆಯೊಂದನ್ನು ಮಾಡಿಯೂ ಕೊಟ್ಟ. ನೋಡಲು ಅದು ಇಲಿಬೋನಿನ ತಮ್ಮನಂತಿತ್ತು, ಆದರೆ ಅದಕ್ಕೆ ಕಿವಿ ಎರಡು. ಸಾಬಣ್ಣ ಎರಡನ್ನೂ ಪರೀಕ್ಷೆಗೆಂದು ತಂದ.

ಇದೇನೆಂದು ಮಾಲಕರು ಕೇಳಿದಾಗ ಸಾಬಣ್ಣ, ತಂಬುವಿನ ಬಾಗಿಲಲ್ಲಿ ಟಿಕೆಟು ಹರಿಯುವ ಯಲಗೂರಪ್ಪನನ್ನು ತೋರಿಸಿದ. ಜೋರಿನ ಸ್ವರಕ್ಕೆ ಟಿಕೆಟು ಇದ್ದಂತೆ, ಅದನ್ನು ಒಳಗೆ ಬಿಡುತ್ತದೆ. ಸಣ್ಣ ಗುಂಯ್‌ಗೆ ಟಿಕೆಟು ಇಲ್ಲ, ಅದನ್ನು ತಡೆಯುತ್ತದೆ. ಎಷ್ಟು ಜೋರಿದ್ದರೆ ಬಿಡಬೇಕೆಂಬುದನ್ನು ಕಿವಿ ತಿರುವಿ ಗೊತ್ತುಮಾಡಬೇಕು.

"ಯಲಗೂರಪ್ಪನಂಗ ಇದ್ರ ಬ್ಯಾಡಪಾ," ಎಂದರು ಶಿವಯೋಗೆಪ್ಪ. "ಅಂವ ತನ್ನ ಬೀಗರನ್ನೆಲ್ಲಾ ಪುಕ್ಕಟೆ ಬಿಡತಾನ."

ಮೊದಲ ಪ್ರಯತ್ನದಲ್ಲಿ ಅದು ಹಾಗೇ ಮಾಡಿತು. ಸಾಬಣ್ಣ ಈ ಹೊಸ ಪೆಟ್ಟಿಗೆಯನ್ನು ಗಿಟಾರಿನ ಪಕ್ಕಕ್ಕೇ ಜೋಡಿಸಿದ್ದ. ಗಿಟಾರಿನ ಗುಂಯ್ ನಿಂತಿತು, ಆದರೆ ಮುಂದಿನ ಎರಡು ಪೆಟ್ಟಿಗೆಗಳು ತಾವೇ ಹುಟ್ಟಿಸುವ ಸುಸ್ ಹಾಗೇ ಉಳಿಯಿತು. ಕಳ್ಳರು ತಂಬುವಿನ ಒಳಗೇ ಕೂತಿರುವಾಗ ಕಾವಲಿನವನನ್ನು ಬೀದಿಯ ತುದಿಗೆ ನಿಲ್ಲಿಸಿದಂತೆ. ಸಾಬಣ್ಣ ಒಂದು ಚಹಾ ಕುಡಿಯುವಷ್ಟು ಹೊತ್ತು ಪೆಟ್ಟಿಗೆಗಳ ವೈರುಗಳನ್ನೇ ನೋಡುತ್ತ ಕೂತು, ಕಾವಲಿನವನನ್ನು ಕಿತ್ತು ಹಿಗ್ಗಿಸುವ ಪೆಟ್ಟಿಗೆಗಳ ಆಚೆಗೆ, ದೊಡ್ಡ ಆಂಪ್ಲಿಫೈಯರಿನ ಮುಂದೆ ನಿಲ್ಲಿಸಿದ. ಎಲ್ಲ ಸದ್ದೂ ಅಡಗಿತು. ಕ್ಯಾಂಪಿನ ಹಿಂದಿನ ಬೇವಿನ ಮರದ ಕಾಗೆಗಳು ಆವತ್ತು ಮೊದಲ ಸಲ ಕೇಳಿಸಿದವು.

ಆಮೇಲೆ ಅವನು ಮಾಡಿದ್ದು ನನಗೆ ಬಹಳ ಮೆಚ್ಚಿಗೆಯಾದ ಕೆಲಸ. ಎರಡರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕೆಂದು ತನ್ನ ಮೇಲೆ ದೂರು ಹೇಳಿದವಳನ್ನೇ ಕೇಳಿದ. ರುಕ್ಮವ್ವ ಬಿಡಾರದ ಮುಂದೆ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಬೆನ್ನು ತಿರುಗಿಸಿ ಕೂಡಲು ಸಾಬಣ್ಣ ಹೇಳಿದ; ಅವನ ಮುಖ ನೋಡುವ ಆಸೆ ತನಗೂ ಇಲ್ಲವೆನ್ನುತ್ತ ಆಕೆ ತಿರುಗಿ ಕೂತಳು. ಮೂರನೆಯ ಅಂಕದ ಸ್ವರವನ್ನು ಅವನು ಒಂದು ಸಲ ಹೊರದೇಶದ ಪೆಟ್ಟಿಗೆಯಲ್ಲಿ, ಒಂದು ಸಲ ತಗಡಿನದರಲ್ಲಿ ಬಾರಿಸಿದ.

ಮೊರ ನಿಂತಿತ್ತು. "ಮದಲನೇದು ಸ್ವರದ ಬಾಯಿ ಮುಚ್ಚತೈತಿ," ಎಂದಳು ರುಕ್ಮವ್ವ, ತಿರುಗದೆ. "ಎರಡನೇದು, ಸ್ವರ ಮನಿಗಿ ಹೋಗಿ ಮುಟ್ಟಿದಮ್ಯಾಲ ಬಾಗಲಾ ಹಾಕತೈತಿ. ನನಗ ಎರಡನೇದು ಇರಲಿ."

ತಗಡಿನ ಪೆಟ್ಟಿಗೆಯ ಎರಡನೆಯ ಕಿವಿ ಇದ್ದದ್ದೇ ಅದಕ್ಕೆ: ಬಾಗಿಲು ದಡಕ್ಕನೆ ಬೀಳದೆ ಮೆಲ್ಲಗೆ ಮುಚ್ಚಲಿ ಎಂದು. ಯಂತ್ರದ ಸಂಗತಿ ಆಕೆಗೆ ಗೊತ್ತಿರಲಿಲ್ಲ. ಇಡೀ ಆಯುಷ್ಯ ಮಾತಿನ ತುದಿಯನ್ನು ಕಾಯ್ದುಕೊಂಡು ಬಂದವಳಿಗೆ ಸ್ವರದ ತುದಿ ತಪ್ಪಿಹೋಗುವುದು ಸಾಧ್ಯವಿರಲಿಲ್ಲ, ಅಷ್ಟೇ. ಸಾಬಣ್ಣ ಉಕ್ಕಿನ ಪೆಟ್ಟಿಗೆಯನ್ನು ಬೆಲ್‌ಬಾಟಮಿಗೆ ಉಜ್ಜಿ ಹೊಳಪು ಮಾಡಿ, ಕೂಡಿಬರದ ಸಂಬಂಧವನ್ನು ಕಳಿಸಿಕೊಡುವವನ ಮುಖದಲ್ಲಿ ಧೂಳಪ್ಪನಿಗೆ ಮರಳಿ ಕೊಟ್ಟ.

ಕಂಪನಿ ಟಿಕೋಟಾಕ್ಕೆ ಹೋಯಿತು. ಮಧ್ಯಾಹ್ನ ಖಾಲಿ ತಂಬುವಿನಲ್ಲಿ ಸಾಬಣ್ಣ ಪೆಟ್ಟಿಗೆಯ ಕಿವಿ ತಿರುವಿ, ಗುಂಯ್ ಅಡಗುವಲ್ಲಿಗೆ ನಿಲ್ಲಿಸಿ, ನಿಶ್ಚಿಂತೆಯಿಂದ ಮಲಗಿದ. ಸಂಜೆಯ ಆಟಕ್ಕೆ ರಂಗದ ಟ್ಯೂಬ್‌ಲೈಟುಗಳೆಲ್ಲ ಹತ್ತಿದವು, ಪಕ್ಕದ ಹಿಟ್ಟಿನ ಗಿರಣಿಯೂ ಸುರುವಾಯಿತು. ಇವೆಲ್ಲ ಸೇರಿ ಗಿಟಾರಿನ ತಂತಿಯ ಸುತ್ತಲ ಗುಂಯ್‌ಗೆ ಮಧ್ಯಾಹ್ನ ಇರದಿದ್ದ ಮೈ ಬಂತು. ಅದೀಗ ಟಿಕೆಟು ಪಡೆಯುವಷ್ಟು ಜೋರಾಗಿತ್ತು, ಆದರೆ ಒಮ್ಮೆ ಅಷ್ಟು, ಒಮ್ಮೆ ಅದಕ್ಕಿಂತ ತುಸು ಕಡಿಮೆ. ಹಾಗಾಗಿ ಬಾಗಿಲು ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ರುಕ್ಮವ್ವ ಮಗನ ಮುಂದೆ ನಿಂತಾಗ ನಾಲ್ಕೂ ಹಾರ್ನುಗಳಲ್ಲಿ ಕಪ್ಪೆ ವಟಗುಟ್ಟಿದಂತೆ ಆಯಿತು. ಬಿಜ್ಜರಗಿಯಿಂದ ಬಂದಿದ್ದ ಕುರಿಗಾಹಿಗಳು ಮಳೆ ಬರುತ್ತದೆಂದು ನಕ್ಕರು. ಆಕೆ ಎಂದಿಗಿಂತ ಜೋರಾಗಿ ಕೂಗಿದಳು.

ಆವತ್ತು ಶಿವಯೋಗೆಪ್ಪನವರು ಬೈಯಲಿಲ್ಲ. ಅದೇ ಕೆಟ್ಟ ಲಕ್ಷಣ. "ಬಬಲೇಶ್ವರದಾಗ ಮದಲನೇ ಆಟ ನೋಡತೇನಿ," ಎಂದರು. "ಅಲ್ಲೂ ಹಿಂಗ ಆತಂದ್ರ ಸಾಬಣ್ಣಾ, ನೀ ತೊರವಿಗಿ ಹೋಗು. ಸಿಟ್ಟಿಲ್ಲ. ಆಕೀನ್ನ ನಾ ಕಳಕೊಳ್ಳಾಕ ಆಗಂಗಿಲ್ಲ."

ಬಬಲೇಶ್ವರದಲ್ಲಿ ಸಾಬಣ್ಣ ಮಲಗಲಿಲ್ಲ. ಸಂಜೆಯ ಗುಂಯ್ ಈಗಲೇ ಹುಟ್ಟಲಿ ಎಂದು ಉರಿ ಮಧ್ಯಾಹ್ನದಲ್ಲಿ ರಂಗದ ದೀಪಗಳೆಲ್ಲ ಹತ್ತಬೇಕೆಂದ. ಮಾಲಕರ ಟೇಬಲ್ ಫ್ಯಾನೂ ತಿರುಗಬೇಕೆಂದ. ಹಗಲಿನಲ್ಲಿ ದೀಪ ಹಚ್ಚಿಸುವ ಹುಚ್ಚನನ್ನು ಯಲಗೂರಪ್ಪ ಬಾಗಿಲಿನಿಂದಲೇ ನೋಡಿ ತಲೆ ಅಲ್ಲಾಡಿಸಿದ. ಸಾಬಣ್ಣ ಸಂಜೆ ತಾನು ಕೂಡುವ ಜಾಗದಲ್ಲೇ, ಕೂಡುವ ದಿಕ್ಕಿಗೇ ಮುಖ ಮಾಡಿ ಕೂತು, ಗುಂಯ್ ಅಡಗುವ ತನಕ ಕಿವಿಯನ್ನು ಮೆಲ್ಲಗೆ ಏರಿಸಿದ. ಆಮೇಲೆ ಬೆರಳ ತುದಿಯಿಂದ, ನಿದ್ದೆಯ ಕೂಸಿನ ಕೆನ್ನೆ ಮುಟ್ಟುವಂತೆ ದಪ್ಪ ತಂತಿಯನ್ನು ಮುಟ್ಟಿದ. ಬಾಗಿಲು ತೆರೆಯಲಿಲ್ಲ. ಕೂದಲೆಳೆಯಷ್ಟು ಇಳಿಸಿದ. ಮತ್ತೆ ಮುಟ್ಟಿದ. ಕಸ ಬರಬಾರದು, ಅತಿ ಮೆಲ್ಲಗಿನ ಸ್ವರವೂ ಹೊರಗೆ ಉಳಿಯಬಾರದು. ಇವೆರಡರ ನಡುವಿನ ಜಾಗ ಬಹಳ ಇಕ್ಕಟ್ಟಿನದು. ಅದು ಸಿಗುವ ತನಕ ಅವನು ಬೆವರು ಒರೆಸಿಕೊಳ್ಳಲಿಲ್ಲ. ಒಂದು ಸಲ ತಲೆಯೆತ್ತಿದರೆ ರುಕ್ಮವ್ವ ಯಾವಾಗಲೋ ಬಂದು ಮೂರನೆಯ ಅಂಕದ ತನ್ನ ಜಾಗದಲ್ಲಿ ನಿಂತಿದ್ದಳು. ಸ್ವರದ ತುದಿಯ ತನಕ ಕೇಳಿಸಿಕೊಂಡು ಹೋದಳು.

ಸಂಜೆ ತಂಬು ತುಂಬಿತು. ನಿಡೋಣಿಯಿಂದ ಚಕ್ಕಡಿ ಕಟ್ಟಿಕೊಂಡು ಬಂದವರೇ ಅರ್ಧ ಇದ್ದರು. ಖಳನಾಯಕ ಬಂದ, ಗಿಟಾರು ಗುಟುರು ಹಾಕಿತು, ಹುಡುಗರು ಸೀಟಿ ಹೊಡೆದರು. ಮೂರನೆಯ ಅಂಕದಲ್ಲಿ ಮಗ ಬಾಗಿಲಿಗೆ ಬಂದು ನಿಂತ. ಸಾಬಣ್ಣನ ಸ್ವರ ಉದ್ದಕ್ಕೆ ಇಳಿದು, ಸಣ್ಣಗಾಗಿ, ತುದಿ ಮುಟ್ಟಿತು. ಬಾಗಿಲು ಮುಚ್ಚಿತು.

ಹಾರ್ನುಗಳಲ್ಲಿ ಏನೂ ಇರಲಿಲ್ಲ.

ಇಷ್ಟು ಚೆನ್ನಾಗಿ ಆದೀತೆಂದು ಯಾರೂ ಎಣಿಸಿರಲಿಲ್ಲ, ಅದೇ ತಪ್ಪಾಯಿತು. ನಮ್ಮ ಸೀಮೆಯ ಜನ ಮೈಕಿನ ಜೀವವನ್ನು ಅದರ ಗುಂಯ್‌ನಿಂದ ತಿಳಿಯುವವರು. ಗುಂಯ್ ಅಂದರೆ ಸೆಟ್ಟು ಜೀವಂತ, ಗುಂಯ್ ನಿಂತರೆ ಫ್ಯೂಜು ಹೋಯಿತು. ಹಿಂದಿನಿಂದ ಒಬ್ಬ, "ಮೈಕ್ ಹೋತಲೇ," ಎಂದ. ಸೀಟಿ ಬಿತ್ತು. ಕಂಪನಿಯ ಮೈಕಿನ ಬಾಬುಸಾಬ, ಪಕ್ಕದ ಪರದೆಯ ಹಿಂದೆ ಕೂಡುವ ಸಾಬಣ್ಣನಿಂದ ಎರಡು ಮಾರು ಆಚೆ ತನ್ನ ಸೆಟ್ಟಿನ ಪಕ್ಕ ಕೂತಿರುತ್ತಿದ್ದ. ಹಾರ್ನುಗಳ ಗುಂಯ್ ಕೇಳುತ್ತಲೇ ತೂಕಡಿಸಿ, ಅದು ನಿಂತರೆ ಏಳುವುದು ಅವನ ಇಷ್ಟು ವರ್ಷದ ಅಭ್ಯಾಸ. ಅವನು ದಡಬಡಿಸಿ ಎದ್ದು, ಫ್ಯೂಜು ನೋಡಲು ಮೇನ್ ಸ್ವಿಚ್ಚಿಗೆ ಕೈ ಹಾಕಿದ. ಅದನ್ನು ಎಳೆದರೆ ರುಕ್ಮವ್ವನ ಮೈಕುಗಳು ನಿಜವಾಗಿಯೇ ಸಾಯುತ್ತವೆ; ಆಮೇಲೆ ಸಾಬಣ್ಣನಿಗೆ ತೊರವಿಯ ಬಸ್ಸು.

ಸಾಬಣ್ಣ ಕೂಗುವಂತಿರಲಿಲ್ಲ, ತಲೆಯ ಮೇಲೆಯೇ ಮೈಕು. ಏಳುವಂತಿರಲಿಲ್ಲ, ಪರದೆ ತೆಳು, ಅವನ ನೆರಳು ಜನರಿಗೆ ಕಾಣುತ್ತದೆ. ಎದುರಿನ ಪರದೆಯ ಹಿಂದೆ ನಾನು ನಾಟಕದ ಪ್ರತಿಯ ಹಾಳೆ ತಿರುವಿದೆ. ಪ್ರಾಂಪ್ಟರಿಗೆ ಬರೆದ ಮಾತು ಮಾತ್ರ ಬರುತ್ತದೆ. ರಂಗದ ಮೇಲೆ ರುಕ್ಮವ್ವ ಬಾಬುಸಾಬನ ಕೈಯನ್ನು ಓರೆಗಣ್ಣಿನಲ್ಲಿ ಕಂಡಳೆಂದು ನನಗೆ ಖಾತ್ರಿ. ಆದರೂ ಆಕೆ ಕೂಗಲಿಲ್ಲ. ಮಗನ ಮುಖ ನೋಡುತ್ತ ನಿಂತೇ ಇದ್ದಳು.

ಸಾಬಣ್ಣ ಬೆರಳ ತುದಿಯಿಂದ ದಪ್ಪ ತಂತಿಯನ್ನು ಮುಟ್ಟಿದ. ಮುಟ್ಟಿದ ಅಷ್ಟೇ, ಮೀಟಲಿಲ್ಲ. ಮೀಟಿದ್ದರೆ ಖಳನಾಯಕ ಬಂದಂತಾಗುತ್ತಿತ್ತು. ಮಧ್ಯಾಹ್ನದ ಕೂದಲೆಳೆ ಇಲ್ಲಿ ಕೆಲಸಕ್ಕೆ ಬಂತು. ಬಾಗಿಲು ತೆರೆಯಿತು. ನಾಲ್ಕೂ ಹಾರ್ನುಗಳಲ್ಲಿ ಒಂದು ತಗ್ಗಿನ ಸ್ವರ ನಿಟ್ಟುಸಿರಿನ ಹಾಗೆ ಹರಡಿತು. ಬಾಬುಸಾಬನ ಕೈ ಸ್ವಿಚ್ಚಿನ ಮೇಲೇ ನಿಂತಿತು. ಸೀಟಿ ಹೊಡೆಯುತ್ತಿದ್ದವರು, ಮೈಕು ಇದೆಯೆಂದು ತಿಳಿದು ಸುಮ್ಮನಾದರು. ಸ್ವರ ತನ್ನ ಹೊತ್ತು ತೆಗೆದುಕೊಂಡು ಸಣ್ಣಗಾಯಿತು, ಮನೆ ಮುಟ್ಟಿತು, ಅದರ ಹಿಂದೆ ಬಾಗಿಲು ಮೆಲ್ಲಗೆ ಮುಚ್ಚಿತು. ಈ ಸಲದ ನಿಶ್ಶಬ್ದಕ್ಕೆ ಯಾರೂ ಹೆದರಲಿಲ್ಲ.

"ಉಂಡಿಯೇನ, ಯಪ್ಪಾ?"

ರುಕ್ಮವ್ವ ಅದನ್ನು ಒಲೆಯ ಮುಂದೆ ಕೂತು ಕೇಳುವ ದನಿಯಲ್ಲಿ ಕೇಳಿದಳು. ಅಷ್ಟು ಸಣ್ಣ ದನಿ ಆಕೆಯಲ್ಲಿ ಇದೆಯೆಂದು ನನಗೆ ತಿಳಿದಿರಲಿಲ್ಲ. ಇಡೀ ತಂಬುವಿಗೆ ಅದು ಕೇಳಿಸಿತು. ಮಗನ ಪಾತ್ರದವನು ತನ್ನ ಮಾತು ಮರೆತ. ನಾನು ನೆನಪಿಸುವ ಮೊದಲೇ ಹಿಂದಿನ ಹೆಂಗಸರ ಸಾಲಿನಿಂದ, ನಿಡೋಣಿಯ ಕಡೆಯ ಮುದುಕಿಯೊಬ್ಬಳು, ತನ್ನ ಓಣಿಯಲ್ಲೇ ಕೂತಂತೆ ಉತ್ತರ ಕೊಟ್ಟಳು:

"ಇನ್ನಾ ಉಂಡಿಲ್ಲ ಬೇ ಅಂವ. ಮಾರಿ ನೋಡಿದ್ರ ಗೊತ್ತಾಗೂದಿಲ್ಲೇನ? ನೀಡು."

ಯಾರೂ ನಗಲಿಲ್ಲ. ರುಕ್ಮವ್ವ ಆ ಕಡೆಗೆ ಒಮ್ಮೆ ತಲೆಯಾಡಿಸಿ, ಒಳಗೆ ಹೋಗಿ, ನಾಟಕದಲ್ಲಿ ಎಲ್ಲಿಯೂ ಇಲ್ಲದ ಒಂದು ಊಟದ ತಾಟು ತಂದು ಮಗನ ಮುಂದೆ ಇಟ್ಟಳು. ನಾನು ಮುಂದಿನ ಮಾತು ಹೇಳಿಕೊಡುವುದನ್ನು ಬಿಟ್ಟೆ.

ಆಟ ಮುಗಿದ ಮೇಲೆ ಶಿವಯೋಗೆಪ್ಪನವರು ಸಾಬಣ್ಣನ ಹತ್ತಿರ ಬಂದು, ಮಧ್ಯಾಹ್ನ ಓಡಿಸಿದ ಟೇಬಲ್ ಫ್ಯಾನು ಈಗ ಸದ್ದು ಮಾಡುತ್ತಿದೆಯೆಂದು ದೂರಿದರು. ಅದು ಅವರ ಒಪ್ಪಿಗೆ. ರುಕ್ಮವ್ವ ಬಣ್ಣ ಒರೆಸಿಕೊಳ್ಳುತ್ತ, ಆ ತಗಡಿನ ಪೆಟ್ಟಿಗೆ ಇಲ್ಲದ ರಂಗದ ಮೇಲೆ ತಾನು ಕಾಲಿಡುವುದಿಲ್ಲವೆಂದು ಮಾಲಕರಿಗೆ ಹೇಳಿದಳು. ಅದನ್ನು ಹೇಳಿದ ಧಾಟಿ ಮೊದಲು ಗಿಟಾರನ್ನು ಓಡಿಸೆಂದ ಧಾಟಿಯೇ.

ಉಳಿದವನು ಬಾಬುಸಾಬ. ಅವನಿಗೆ ಅವಮಾನವಾಗಿತ್ತು, ಹೆದರಿಕೆಯೂ ಆಗಿತ್ತು. "ಇದು ಸತ್ತೈತೋ ಸುಮ್ಮ ಕುಂತೈತೋ ನನಗ ಹ್ಯಾಂಗ ತಿಳೀಬೇಕ್ರಿ?" ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ಮರುದಿನ ಸಾಬಣ್ಣ ತಗಡಿನ ಪೆಟ್ಟಿಗೆಯ ನೆತ್ತಿಗೆ ಬಾಗಿಲು ಮುಚ್ಚಿದ್ದರೂ ಕರೆಂಟು ಇರುವ ತನಕ ಉರಿಯುವ, ಗುಲಗಂಜಿಯಷ್ಟು ಕೆಂಪು ದೀಪ ಕೂಡಿಸಿದ. ಮೂರನೆಯ ಅಂಕದಲ್ಲಿ ಮಗ ಬಂದು ನಿಂತಾಗ ಇಡೀ ತಂಬು ರುಕ್ಮವ್ವನ ಬಾಯಿ ನೋಡುತ್ತಿರುತ್ತಿತ್ತು. ಬಾಬುಸಾಬ ಒಬ್ಬ ಎರಡೂ ಕೈ ಕಟ್ಟಿಕೊಂಡು, ಕಣ್ಣು ಮಿಟುಕಿಸದೆ, ಆ ದೀಪ ನೋಡುತ್ತ ಕೂತಿರುತ್ತಿದ್ದ.