ರಾತ್ರಿಯೂ ತೆಗೆಯದ ಹಲ್ಲುಸೆಟ್ಟು

ಬಾಯೊಳಗಿನ ಹುಣ್ಣು ನೋಡುವುದು ನನ್ನ ಕಸುಬು. ಸಕ್ಕರೆ ಕಾಯಿಲೆಯೋ ಕೀಲುವಾತವೋ, ಮೈಯೊಳಗಿನ ಜಗಳ ಎಷ್ಟೋ ಸಲ ಮೊದಲು ಬಾಯಿಗೇ ಬರುತ್ತದೆ. ಹಾಗಾಗಿ ಬಾಯಿ ತೆರೆಯಲು ಸತಾಯಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಆವತ್ತು ಬಂದ ನಿವೃತ್ತ ಬಸ್ ಕಂಡಕ್ಟರು ಅಂಥವರೇ.

ಹಳೇ ಸಕ್ಕರೆ ಕಾಯಿಲೆ. ತುಟಿಯ ಮೂಲೆ ಸೀಳಿತ್ತು, ಕೆನ್ನೆಯ ಒಳಗೆ ಬಿಳಿ ಪೊರೆ, ತುತ್ತು ಇಟ್ಟರೆ ಉರಿ. ಪಕ್ಕದಲ್ಲಿ ಹೆಂಡತಿ ಜೀವ ಕೈಯಲ್ಲಿ ಹಿಡಿದು ಕೂತಿದ್ದರು. ಇಬ್ಬರಿಗೂ ಇದು ಎರಡನೇ ಮದುವೆ, ತಲೆ ನೆರೆತ ಮೇಲೆ ಆದದ್ದು. ಆಕೆಯ ಮೊದಲ ಗಂಡ ಹೋದದ್ದು ಬಾಯಿ ಕ್ಯಾನ್ಸರಿನಿಂದ. ಅದೂ ಹೀಗೇ ಒಂದು ಬಿಳಿ ಕಲೆಯಿಂದ ಶುರುವಾಗಿತ್ತಂತೆ.

"ಇನ್ನೊಂದ್ಸಲ ಅದನ್ನ ನೋಡೋ ಶಕ್ತಿ ನನಗಿಲ್ಲ ಡಾಕ್ಟ್ರೇ," ಎಂದರು ಮೆಲ್ಲಗೆ.

ಮೇಲಿನ ಹಲ್ಲುಸೆಟ್ಟು ತೆಗೆಯಿರಿ ಎಂದೆ. ಕಂಡಕ್ಟರು ಬಾಯಿ ಮುಚ್ಚಿಬಿಟ್ಟರು. ಅದರ ಅಡಿ ನೋಡದೆ ಏನೂ ಹೇಳಲಾರೆ ಎಂದೆ. ಜಪ್ಪಯ್ಯ ಅಂದರೂ ತೆಗೆಯಲಿಲ್ಲ. ಸಿಟ್ಟು ನೆತ್ತಿಗೇರುವಷ್ಟರಲ್ಲಿ ಅವರ ಕಣ್ಣು ಹೆಂಡತಿಯ ಕಡೆ ಹೋದದ್ದು ಕಂಡಿತು. ಸ್ವಲ್ಪ ಹೊರಗೆ ಕೂತಿರಿ ಎಂದು ಆಕೆಗೆ ಹೇಳಿದೆ. ಡಾಕ್ಟರು ಹೊರಗೆ ಕಳಿಸಿದರೆ ಏನರ್ಥವೆಂದು ಆಕೆ ಒಮ್ಮೆ ಕಂಡವರು. ಬಿಳಿಚಿಕೊಂಡೇ ಎದ್ದು ಹೋದರು.

ಸೆಟ್ಟು ಕೈಗೆ ಬಂತು. ಅಂಗುಳು ಕೆಂಪಾಗಿ ಕುದಿಯುತ್ತಿತ್ತು, ಆದರೆ ಆ ಕೆಂಪು ಸೆಟ್ಟಿನ ಅಂಚಿಗೇ ನಿಂತಿತ್ತು, ಒಂದೆಳೆ ಆಚೆಗಿಲ್ಲ. ಒರೆಸಿದರೆ ಕೆನ್ನೆಯ ಬಿಳುಪು ಹಾಲಿನ ಕೆನೆಯ ಹಾಗೆ ಎದ್ದು ಬಂತು. ನಾಲಿಗೆಯ ಅಡಿ, ಅಂಚು, ಕುತ್ತಿಗೆ ಎಲ್ಲ ಒತ್ತಿ ನೋಡಿದೆ. ಎಲ್ಲೂ ಗಂಟಿಲ್ಲ, ಗಡಸಿಲ್ಲ. ಕ್ಯಾನ್ಸರ್ ಅಲ್ಲ, ಫಂಗಸ್. ಸಕ್ಕರೆ ಏರಿದವರ ಬಾಯಲ್ಲಿ, ಹಗಲೂ ರಾತ್ರಿ ತೆಗೆಯದ ಸೆಟ್ಟಿನ ಅಡಿ ಅದು ಹುಲುಸಾಗಿ ಬೆಳೆಯುತ್ತದೆ.

ಮಲಗುವಾಗಲೂ ತೆಗೆಯಲ್ವಾ ಎಂದು ಗದರಿದೆ. ಮದುವೆಯಾದಾಗಿನಿಂದ ಇಲ್ಲವಂತೆ. ಬೊಚ್ಚುಬಾಯಿಯನ್ನು ಆಕೆ ಇನ್ನೂ ಕಂಡೇ ಇಲ್ಲವಂತೆ. ತೊಳೆಯುವುದೂ ಬಚ್ಚಲಿನ ಚಿಲಕ ಹಾಕಿಕೊಂಡೇ. ಈ ವಯಸ್ಸಿನಲ್ಲಿ ಇದೆಂಥ ಮದುಮಗನ ನಾಚಿಕೆ ಎಂದು ನಗು ಬಂತು. ಮಾತ್ರೆ ನುಂಗುತ್ತೇನೆ, ಸಕ್ಕರೆ ಇಳಿಸುತ್ತೇನೆ, ರಾತ್ರಿ ತೆಗೆದಿಡುವ ಮಾತೊಂದು ಅವಳ ಕಿವಿಗೆ ಬೀಳುವುದು ಬೇಡ ಎಂದು ಗೋಗರೆದರು.

"ನಿಮ್ಮ ಚಂದ ಆಮೇಲೆ ನೋಡ್ಕೊಳಿ. ಹೊರಗೆ ಅವರು ನಿಮ್ಮನ್ನ ಆಗ್ಲೇ ಕಳ್ಕೊಂಡು ಕೂತಿದ್ದಾರೆ," ಎಂದೆ.

ಸೆಟ್ಟಿಗೆಂದು ಚಾಚಿದ್ದ ಕೈಯನ್ನು ಅವರು ಹಿಂದಕ್ಕೆ ಎಳೆದುಕೊಂಡರು. ಖಾಲಿ ಬಾಯಲ್ಲೇ ಹೋಗಿ ಬಾಗಿಲು ತೆರೆದರು.

"ಬಾ. ಇಷ್ಟೇ ಕಣೇ, ನಂಗೆ ಹಲ್ಲಿಲ್ಲ. ಅದು ಬಿಟ್ರೆ ಇನ್ನೇನೂ ಇಲ್ಲ."

ಆಕೆ ನನ್ನ ಮುಖ ನೋಡಿದರು. ಕ್ಯಾನ್ಸರ್ ಅಲ್ಲ ಎಂದೆ. ಗಂಡನ ಒಳಸೇರಿದ ಕೆನ್ನೆಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಆಕೆ ಅತ್ತುಬಿಟ್ಟರು. ಅವರು ಮುಖ ತಿರುಗಿಸಲು ಹೋದರೂ ಬಿಡಲಿಲ್ಲ. ಮಾತ್ರೆ ಬರೆದುಕೊಟ್ಟು, ಇನ್ನು ಮೇಲೆ ರಾತ್ರಿ ಸೆಟ್ಟನ್ನು ತೊಳೆದು ನೀರಿನಲ್ಲಿ ಹಾಕಿಡಬೇಕು ಎಂದೆ.

"ಮಂಚದ ಹತ್ರ ನನ್ನ ಕನ್ನಡಕ ಇಡ್ತೀನಲ್ಲ," ಎಂದರು ಆಕೆ, "ಅದರ ಪಕ್ಕ ಒಂದು ಲೋಟಕ್ಕೆ ಜಾಗ ಇದೆ."