ಕೋಟಿನ ಒಳಜೇಬು

ನಮ್ಮ ಮನೆಯಲ್ಲಿ ದಿನಾ ಬೆಳಗಾದರೆ ಕಳ್ಳತನದ ಅನುಮಾನಕ್ಕೆ ಗುರಿಯಾಗುತ್ತಿದ್ದವರು ನಮ್ಮ ಯಜಮಾನರು. ಅನುಮಾನ ಪಡುತ್ತಿದ್ದದ್ದು ಅವರೇ ಪೂರ್ತಿ ದುಡ್ಡು ಕೊಟ್ಟು ತಂದಿದ್ದ ಕಸೂತಿ ಸಾಫ್ಟ್‌ವೇರ್. ಅದರ ಜೊತೆ ಹೆಬ್ಬೆರಳಿನಷ್ಟು ಉದ್ದದ ಒಂದು ನೀಲಿ ಡಾಂಗಲ್ ಬಂದಿತ್ತು. ಅದನ್ನು ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸಿದರೆ ಮಾತ್ರ ಸಾಫ್ಟ್‌ವೇರ್ ಕಣ್ಣು ಬಿಡುತ್ತಿತ್ತು. ನಾವು ಅದನ್ನು ಕೀಲಿ ಅನ್ನುತ್ತಿದ್ದೆವು. ಅಂಗಡಿ ಬಾಗಿಲಿನ ಕೀಲಿ ಕಳೆದರೆ ಬೀಗ ಒಡೆಸಬಹುದು, ಇದು ಕಳೆದರೆ ಹಣೆ ಹಣೆ ಚಚ್ಚಿಕೊಳ್ಳಬೇಕು ಅಷ್ಟೆ.

ಅವರು ಪರದೆಯ ಮೇಲೆ ಹೂವು, ಬಳ್ಳಿ, ಶಾಲೆಗಳ ಲಾಂಛನ ಬರೆಯುವರು. ನಾನೂ ಮಗಳೂ ಹಿಂದಿನ ಕೋಣೆಯಲ್ಲಿ ಮಿಷನ್ ಓಡಿಸಿ ಅದನ್ನು ಬಟ್ಟೆಗೆ ಇಳಿಸುವೆವು. ಮೇಜು ಸ್ವಲ್ಪ ಅಲುಗಿದರೆ ಸಾಕು, "ಕೀಲಿ ಕಾಣಿಸುತ್ತಿಲ್ಲ" ಎಂದು ಪರದೆ ಮುಖ ಸಿಂಡರಿಸುವುದು. ಅಲ್ಲಿಯವರೆಗೆ ಬರೆದದ್ದೆಲ್ಲ ನೀರಲ್ಲಿ ಹೋಮ. ಅವರು ಬಗ್ಗಿ, ಕೀಲಿ ಕಿತ್ತು, ಬಾಯಿಂದ ಊದಿ, ಕಾಗದದ ಚೂರು ಮಡಿಸಿ ಒತ್ತುಕೊಟ್ಟು, ಮತ್ತೆ ಮೊದಲಿನಿಂದ ಶುರು ಮಾಡುವರು.

ಎದುರಂಗಡಿಯವನದೂ ಇದೇ ಕಸುಬು, ಇದೇ ಸಾಫ್ಟ್‌ವೇರ್. ಆದರೆ ಅವನದು ಕದ್ದದ್ದು. ಕೀಲಿಯೂ ಇಲ್ಲ, ರಗಳೆಯೂ ಇಲ್ಲ.

"ಅಣ್ಣ, ಸುಮ್ನೆ ಯಾಕೆ ಒದ್ದಾಡ್ತೀರಾ, ನನ್ನದನ್ನೇ ಹಾಕ್ಕೊಡ್ತೀನಿ," ಎಂದು ಎಷ್ಟೋ ಸಲ ಕೇಳಿದ್ದ.

"ಬೇಡಪ್ಪ. ಕೊಂಡ್ಕೊಂಡಿದೀನಿ, ಯಾರಿಗೂ ಹೆದರದೆ ಕೂತಿರ್ತೀನಿ," ಅನ್ನುವರು ಇವರು.

ನನಗೆ ಮೈ ಉರಿಯುತ್ತಿತ್ತು. "ಕದ್ದವನ ಮನೆಗೆ ಬಾಗಿಲೇ ಇಲ್ಲ, ಕೊಂಡವರ ಮನೆಗೆ ಏಳು ಬೀಗ," ಎಂದು ಗೊಣಗಿದರೆ ನಗುವರು. "ನಿನ್ನ ಬಾಯಿಗೂ ಒಂದು ಬೀಗ ಮಾಡಿಸಬೇಕಿತ್ತು ಕಣೇ."

ಕುರ್ಚಿಯಿಂದ ಎದ್ದರೆ, ಊಟಕ್ಕೇ ಆದರೂ ಸರಿ, ಕೀಲಿ ಕಿತ್ತು ಜೊತೆಗೇ ಒಯ್ಯುವುದು ಅವರ ಪದ್ಧತಿ. ಅದಕ್ಕೆಂದೇ ಬೂದುಬಣ್ಣದ ತೋಳಿಲ್ಲದ ಕೋಟಿನ ಅಸ್ತರಿಗೆ, ಎಡಗಂಕುಳ ಕೆಳಗೆ, ಹತ್ತಿ ತುಂಬಿದ ಒಂದು ಒಳಜೇಬು ಹೊಲಿದುಕೊಂಡಿದ್ದರು. ಹೊರಗಿನಿಂದ ಮುಟ್ಟಿದರೆ ಒಳಗೇನಿದೆ ಎಂದು ಗೊತ್ತಾಗುತ್ತಿರಲಿಲ್ಲ.

ಕೊನೆಕೊನೆಗೆ ಅವರು ಗಿರಾಕಿಗಳದ್ದಲ್ಲದ ಒಂದು ಚಿತ್ತಾರ ಬರೆಯುತ್ತಿದ್ದರು. ನಾನು ಹತ್ತಿರ ಹೋದರೆ ಪರದೆ ಆರಿಸಿಬಿಡುವರು.

"ಏನದು?"

"ನಿಂದೇ. ಮುಗಿದ್ಮೇಲೆ ತೋರಿಸ್ತೀನಿ."

"ಈ ವಯಸ್ಸಲ್ಲಿ ನಂಗ್ಯಾಕ್ರೀ ಹೂವು ಬಳ್ಳಿ?"

"ಹೂವು ಅಂತ ಯಾರು ಹೇಳಿದ್ರು ನಿಂಗೆ?" ಎಂದು ಕಣ್ಣು ಮಿಟುಕಿಸಿದರು.

ಕಂಡವರ ಬಟ್ಟೆಗೆಲ್ಲ ಚಿತ್ತಾರ ಹಾಕಿದ ಮನೆ ನಮ್ಮದು. ನನಗೆ ಅಂತ ಒಂದೂ ಇರಲಿಲ್ಲ. ಬಾಯಲ್ಲಿ ಗೊಣಗಿದರೂ ಒಳಗೊಳಗೇ ಹೊಸ ಮದುವಣಗಿತ್ತಿಯ ಹಾಗೆ ಕಾಯುತ್ತಿದ್ದೆ.

ಒಂದು ಮಧ್ಯಾಹ್ನ ಊಟಕ್ಕೆ ಕೈತೊಳೆಯಲು ಎದ್ದವರು ಬಚ್ಚಲ ಬಾಗಿಲಲ್ಲೇ ಕುಸಿದರು. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಣ್ಣಿಗೆ ಕಳಿಸಿಕೊಡುವಾಗ ಯಾವ ಬಟ್ಟೆ ತೊಡಿಸುವುದು ಎಂದು ಯಾರೂ ಕೇಳಲೇ ಇಲ್ಲ. ಆ ಕೋಟಿಲ್ಲದೆ ಅವರನ್ನು ನೋಡಿದವರೇ ಇರಲಿಲ್ಲ. ದರ್ಜಿ ಕೆಲಸದ ಮೈದುನ ಅಳುತ್ತಲೇ ಅದಕ್ಕೆ ಇಸ್ತ್ರಿ ಹಾಕಿದ, ಸಡಿಲವಾಗಿದ್ದ ಗುಂಡಿ ಬಿಗಿ ಮಾಡಿದ. ಮಗಳು ಕಾಲರಿನ ನೂಲು ಕತ್ತರಿಸಿದಳು. ಹೊಲಿಗೆಯವರು ನಾವು, ಹೊರಗಿನ ಸುಕ್ಕೆಲ್ಲ ತೆಗೆದೆವು. ಒಳಗೆ ಕೈಹಾಕಿ ನೋಡಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ.

ಅಂಗಡಿ ಮತ್ತೆ ತೆರೆದ ದಿನ ಮಗಳನ್ನು ಕಂಪ್ಯೂಟರಿನ ಮುಂದೆ ಕೂರಿಸಿದೆ. ಹಳೆಯ ಲಾಂಛನಗಳೆಲ್ಲ ಮಿಷನ್ನಿನಲ್ಲೇ ಉಳಿದಿದ್ದವು, ಹೊಟ್ಟೆಪಾಡಿಗೆ ತೊಂದರೆ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಅದೊಂದೇ. "ಅಪ್ಪ ನಂಗೆ ಅಂತ ಬರೆದಿದ್ದನ್ನ ತೆಗಿಯೇ," ಅಂದೆ.

ಕೀಲಿ ಕಾಣಿಸುತ್ತಿಲ್ಲ, ಅಂದಿತು ಪರದೆ.

ಮೇಜಿನ ಅಡಿ ಹುಡುಕಿದೆವು, ದಾರದ ಡಬ್ಬಿಗಳನ್ನೆಲ್ಲ ಕವುಚಿದೆವು. ಮಗಳು ಬಟ್ಟೆಯ ಕಪಾಟು ತೆರೆದವಳು ಖಾಲಿ ಹ್ಯಾಂಗರಿನ ಮುಂದೆ ನಿಂತುಬಿಟ್ಟಳು.

"ಅಮ್ಮ, ಕೋಟು," ಅಂದಳು ಮೆಲ್ಲಗೆ.

ಅಲ್ಲೇ ನೆಲದ ಮೇಲೆ ಕೂತೆ.

ಕಂಪನಿಗೆ ಫೋನು ಮಾಡಿದೆ. ಎತ್ತಿದ ಹುಡುಗಿಯ ದನಿ ಮೆತ್ತಗಿತ್ತು.

"ಕೆಟ್ಟ ಕೀಲಿ ತಂದ್ಕೊಟ್ರೆ ರಿಪೇರಿ ಮಾಡಿ ಕೊಡ್ತೀವಿ ಮೇಡಂ. ಕಳೆದುಹೋಗಿದ್ರೆ ಆಗಲ್ಲ."

"ಕಳೆದಿಲ್ಲಮ್ಮ. ಎಲ್ಲಿದೆ ಅಂತ ಗೊತ್ತು. ತರೋಕಾಗಲ್ಲ."

"ಲೈಸೆನ್ಸ್ ನಿಮ್ಮ ಯಜಮಾನರ ಹೆಸರಲ್ಲಿದೆ. ಅವರ ಹತ್ರಾನೇ ಮಾತಾಡಿಸಿ."

"ಅವರ ಹತ್ರ ಮಾತಾಡೋ ಹಾಗಿದ್ರೆ ನಾನ್ಯಾಕೆ ನಿಮಗೆ ಫೋನ್ ಮಾಡ್ತಿದ್ದೆ," ಅಂದೆ. "ತೀರ್ಕೊಂಡ್ರು."

ಪಾಪ, ಸಾರಿ ಅಂದಳು. ಆಮೇಲೆ, ಆ ಮಾದರಿಯ ಕೀಲಿ ಈಗ ತಯಾರಾಗುವುದಿಲ್ಲ, ಹೊಸ ಸಾಫ್ಟ್‌ವೇರಿನಲ್ಲಿ ಹಳೆಯದು ತೆರೆಯುವುದಿಲ್ಲ ಎಂದಳು. ಕೂಗಾಡಬೇಕು ಅನ್ನಿಸಿತು. ಅವಳದೇನು ತಪ್ಪು, ಹೇಳಿಕೊಟ್ಟದ್ದನ್ನು ಹೇಳುತ್ತಾಳೆ. ಫೋನಿಟ್ಟೆ.

ಕೊನೆಗೆ ಮಾನ ಬಿಟ್ಟು, ಆ ಚಿತ್ತಾರದ ಫೈಲನ್ನು ಮಗಳಿಂದ ಪೆನ್ ಡ್ರೈವಿಗೆ ಹಾಕಿಸಿಕೊಂಡು ಎದುರಂಗಡಿಗೆ ಹೋದೆ. ಇವರು ನೋಡುತ್ತಿದ್ದರೆ ನೋಡಲಿ, ಬೈಯುವುದಿದ್ದರೆ ಬಂದು ಬೈಯಲಿ ಅಂದುಕೊಂಡೆ. ಅವನು ಎದ್ದು ಕುರ್ಚಿ ಕೊಟ್ಟ, ತನಗೆ ಗೊತ್ತಿದ್ದ ಎಲ್ಲ ಕಸರತ್ತೂ ಮಾಡಿದ. ಆಮೇಲೆ ಕೈಚೆಲ್ಲಿ ಕೂತ.

"ಅತ್ತಿಗೆ, ಇದೊಂದಕ್ಕೆ ಅಣ್ಣ ಬೇರೆ ಬೀಗ ಹಾಕಿದಾರೆ. ಅವರ ಕೀಲಿಗೆ ಬಿಟ್ರೆ ಯಾವುದಕ್ಕೂ ತೆರೆಯಲ್ಲ."

"ನಾನು ಕದ್ದು ನೋಡ್ತೀನಿ ಅಂತ ಹಾಕಿರ್ತಾರೆ."

"ನನ್ನ ಕದ್ದ ಮಾಲಲ್ಲಿ ಆ ಬೀಗಾನೇ ಇಲ್ಲ," ಅಂದ. "ಅವತ್ತು ನನ್ನದು ಹಾಕ್ಕೊಂಡಿದ್ರೆ ಇವತ್ತು ತೆರೀತಿತ್ತು." ಹೇಳಿದವನ ಕಣ್ಣಲ್ಲೂ ನೀರಿತ್ತು.

ಮನೆಗೆ ಬಂದರೆ ಮಗಳು ಮಿಷನ್ನಿನ ಹಿಂದಿನಿಂದ, ಚೌಕಟ್ಟಿಗೆ ಬಿಗಿದ ಒಂದು ಬಿಳಿ ಬಟ್ಟೆ ಹುಡುಕಿ ತೆಗೆದಿದ್ದಳು. ಚಿತ್ತಾರ ಹೊಲಿಯುವುದು ಒಂದೊಂದೇ ಬಣ್ಣವಾಗಿ. ನಾವಿಲ್ಲದ ಹೊತ್ತಲ್ಲಿ ಅವರು ಮೊದಲ ಬಣ್ಣವನ್ನಷ್ಟೇ ಮಿಷನ್ನಿಗೆ ಕಳಿಸಿ ಪರೀಕ್ಷೆಗೆ ಹೊಲಿದು ನೋಡಿದ್ದರು. ಕಂದು ದಾರದ ಬಾಗಿದ ಗೆರೆಗಳು, ಅಲ್ಲೊಂದು ಇಲ್ಲೊಂದು. ಕೂದಲೋ, ಕೊಂಬೆಯೋ, ಹರಿಯುವ ನೀರೋ, ಎಷ್ಟು ತಿರುಗಿಸಿ ನೋಡಿದರೂ ತಿಳಿಯಲಿಲ್ಲ. ಬಟ್ಟೆಗೆ ಮುಖ ಒತ್ತಿಕೊಂಡು ಅತ್ತೆ.

"ಉಳಿದಿದ್ದನ್ನ ಕೈಯಲ್ಲೇ ಹೊಲಿಯೋಣ್ವಾ ಅಮ್ಮ?"

"ಏನಂತ ಹೊಲೀತೀಯಾ? ಅದು ಅವರಿಗೇ ಗೊತ್ತು."

ಬಟ್ಟೆಯನ್ನು ಚೌಕಟ್ಟಿನಿಂದ ಬಿಡಿಸಿ, ಅಂಚು ಮಡಿಚಿ ಹೊಲಿದು, ನನ್ನ ಸೀರೆಗಳ ನಡುವೆ ಇಟ್ಟೆ. ಎಲ್ಲಿಟ್ಟೆನೆಂದು ಮಗಳನ್ನು ಕರೆದು ತೋರಿಸಿದೆ.

"ನನ್ನ ಸರದಿ ಬಂದಾಗ ಮರೀದೆ ಇದನ್ನ ನನ್ನ ಜೊತೆ ಕಳಿಸು," ಅಂದೆ. "ಕೀಲಿ ಅವರ ಹತ್ರ ಇದೆ."